ನಾವು ಅನಿಮಿಷರಲ್ಲ

ನಳದಮಯಂತಿಯರ ಕಥೆಯನ್ನು ಕೇಳದವರು ನಮ್ಮಲ್ಲಿ ವಿರಳ. ಸ್ವಯಂವರದ ಮಂಟಪದಲ್ಲಿ ಇಂದ್ರ, ಅಗ್ನಿ, ಯಮ, ವರುಣರು ನಾಲ್ವರೂ ನಳನ ರೂಪವನ್ನೇ ಧರಿಸಿ ಅವನ ಪಕ್ಕದಲ್ಲಿ ಕುಳಿತರು. ಐವರು ನಳರ ನಡುವೆ ನಿಜವಾದ ನಳನನ್ನು ಗುರುತಿಸುವುದು ಹೇಗೆ? ದಮಯಂತಿ ಎಲ್ಲರನ್ನೂ ನಿಟ್ಟಿಸಿ ನೋಡಿದಳು. ನಾಲ್ವರ ಮೈ ಬೆವರಿರಲಿಲ್ಲ, ಮಾಲೆ ಬಾಡಿರಲಿಲ್ಲ, ಪಾದ ನೆಲವನ್ನು ಮುಟ್ಟಿರಲಿಲ್ಲ, ಕಣ್ಣಿನ ಎವೆ ಅಲುಗುತ್ತಿರಲಿಲ್ಲ. ಐದನೆಯವನು ಎವೆಯಿಕ್ಕಿದನು. ಅವನೇ ಮನುಷ್ಯನೆಂದು ತಿಳಿದು ದಮಯಂತಿ ಅವನಿಗೆ ಮಾಲೆ ಹಾಕಿದಳು.

ಎವೆಯಿಕ್ಕದವರಾದ ಕಾರಣ ದೇವತೆಗಳಿಗೆ ಅನಿಮಿಷರೆಂದು ಹೆಸರು. ನಿಮಿಷವೆಂಬ ಮಾತಿಗೆ ಅರವತ್ತು ಸೆಕೆಂಡುಗಳೆಂಬ ಅರ್ಥ ಬಂದದ್ದು ಗಡಿಯಾರಗಳು ಬಂದ ಮೇಲೆ. ಮೂಲದಲ್ಲಿ ಅದು ಎವೆ ಒಮ್ಮೆ ಮುಚ್ಚಿ ತೆರೆಯುವಷ್ಟು ಕಾಲ. ನಮ್ಮ ಹಿರಿಯರು ಕಾಲವನ್ನೇ ಎವೆಯ ಬಡಿತದಿಂದ ಅಳೆದರು. ಇಂದಿನ ವಿದ್ಯಾರ್ಥಿಗಳಾದರೋ ತಿಳಿದೋ ತಿಳಿಯದೆಯೋ ಅನಿಮಿಷರಾಗಲು ಹೊರಟಿದ್ದಾರೆ. ಅದರ ಫಲವಾಗಿ ಒದಗುವ ಕಣ್ಣಿನ ಶುಷ್ಕತೆಯನ್ನು ಕುರಿತು ಕೆಲವು ಮಾತುಗಳನ್ನು ಹೇಳುವುದು ಈ ಲೇಖನದ ಉದ್ದೇಶ.

ನಾವು ವೈದ್ಯರಲ್ಲ, ಭೌತಶಾಸ್ತ್ರವನ್ನು ಪಾಠ ಹೇಳುವವರು. ಹಾಗಿದ್ದರೂ ಈ ವಿಷಯಕ್ಕೆ ಕೈಹಾಕಲು ಕಾರಣವುಂಟು. ಬೆಂಗಳೂರಿನ ದಕ್ಷಿಣದ ಅಂಚಿನಲ್ಲಿ, ಕನಕಪುರದ ರಸ್ತೆಯ ಮೇಲಿರುವ ತಲಘಟ್ಟಪುರದಲ್ಲಿ ನಮ್ಮ ವಾಸ. 2021ರ ಜನವರಿಯಲ್ಲಿ ಮೆಟ್ರೊ ರೈಲಿನ ಹಸಿರು ಮಾರ್ಗವು ನಮ್ಮ ಊರನ್ನು ದಾಟಿ ರೇಷ್ಮೆ ಸಂಸ್ಥೆಯ ನಿಲ್ದಾಣದವರೆಗೆ ಬಂದಿತು. ಅಂದಿನಿಂದ ನಾವು ಕಾಲೇಜಿಗೆ ಹೋಗಿಬರುವುದು ಆ ರೈಲಿನಲ್ಲಿಯೇ. ತಂಪು ಗಾಳಿ ಬೀಸುವ ಆ ಗಾಡಿಯಲ್ಲಿ ಹತ್ತಾರು ಮಂದಿ ವಿದ್ಯಾರ್ಥಿಗಳು ಮೊಬೈಲ್ ಫೋನಿನಲ್ಲಿ ದೃಷ್ಟಿ ನೆಟ್ಟು ನಿಂತಿರುತ್ತಾರೆ. ಅವರಲ್ಲಿ ಒಬ್ಬರಾದರೂ ಕಣ್ಣುಜ್ಜಿಕೊಳ್ಳದ ದಿನವನ್ನು ನಾವು ಕಂಡಿಲ್ಲ.

ಕಳೆದ ಮಾರ್ಚ್ ತಿಂಗಳಿನಲ್ಲಿ ನಮ್ಮ ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿ ಒಬ್ಬ ವಿದ್ಯಾರ್ಥಿ ಕೆಲಸವನ್ನು ಬಿಟ್ಟು ಕಣ್ಣು ಮುಚ್ಚಿ ಕುಳಿತಿದ್ದನು. ನಿದ್ರಿಸುತ್ತಿದ್ದಾನೆಂದು ಭಾವಿಸಿ ನಾವು ಗದರಿದೆವು. ಅವನು ಎದ್ದು ನಿಂತು, ‘ಸಾರ್, ಕಣ್ಣಿನಲ್ಲಿ ಮರಳು ಬಿದ್ದ ಹಾಗಿದೆ. ಆದರೆ ನೀರೇ ಸುರಿಯುತ್ತಿದೆ’ ಎಂದನು. ಅವನ ಕಣ್ಣುಗಳು ಕೆಂಪಾಗಿದ್ದುವು. ಅವನ ಆಸನದ ನೇರ ಮುಂದೆ, ಮುಖಕ್ಕೆ ಸರಿಯಾಗಿ, ಹವಾನಿಯಂತ್ರಕದ ಗಾಳಿ ಬೀಸುತ್ತಿತ್ತು. ನಾವು ಗದರಿದ್ದಕ್ಕೆ ನಾಚಿದೆವು. ನೀರು ಸುರಿಯುವ ಕಣ್ಣು ಒಣಗಿದ ಕಣ್ಣಾಗಿರುವುದು ಹೇಗೆಂಬ ಪ್ರಶ್ನೆಯೂ ಅಂದೇ ನಮ್ಮ ಮುಂದೆ ಬಂದಿತು.

ಕಣ್ಣಿನ ಮೇಲಣ ಕೆರೆ

ಕಣ್ಣೀರೆಂದರೆ ಅಳುವಾಗ ಬರುವ ನೀರೆಂದೇ ನಾವು ಸಾಮಾನ್ಯವಾಗಿ ತಿಳಿದಿರುತ್ತೇವೆ. ಅದು ಕಣ್ಣೀರಿನ ಒಂದು ಬಗೆ ಮಾತ್ರ. ನಾವು ನಗುತ್ತಿರುವಾಗಲೂ ಓದುತ್ತಿರುವಾಗಲೂ ಕಣ್ಣಿನ ಮೇಲೆ ತೆಳುವಾದ ಅಶ್ರುಪೊರೆಯೊಂದು ಹರಡಿಕೊಂಡೇ ಇರುತ್ತದೆ. ಅದರ ದಪ್ಪ ಸುಮಾರು 3 ಮೈಕ್ರಾನು, ಎಂದರೆ ಒಂದು ಮಿಲಿಮೀಟರಿನ ಸಾವಿರ ಭಾಗಗಳಲ್ಲಿ ಮೂರು. ತಲೆಗೂದಲಿನ ದಪ್ಪದ ಇಪ್ಪತ್ತನೆಯ ಒಂದು ಪಾಲಿನಷ್ಟು. ಒಂದು ಕಣ್ಣಿನ ಮೇಲಿರುವ ಒಟ್ಟು ಕಣ್ಣೀರು ಸುಮಾರು 7 ಮೈಕ್ರೊಲೀಟರು. ಔಷಧದ ಸೀಸೆಯಿಂದ ಬೀಳುವ ಒಂದು ಹನಿಯ ಐದನೆಯ ಒಂದು ಪಾಲೂ ಆಗಲಾರದು. ಇಷ್ಟೇ ನೀರಿನ ಮೇಲೆ ನಮ್ಮ ದೃಷ್ಟಿಯ ಸ್ಪಷ್ಟತೆ ನಿಂತಿದೆ. ಕಣ್ಣಿಗೆ ಬರುವ ಬೆಳಕು ಮೊಟ್ಟಮೊದಲು ಬಾಗುವುದು ಗಾಳಿ ಮತ್ತು ಈ ಪೊರೆಗಳ ಗಡಿಯಲ್ಲಿಯೇ. ಪೊರೆ ನಯವಾಗಿದ್ದರೆ ಬಿಂಬ ಸ್ಪಷ್ಟ. ಅದು ಹರಿದು ಚೂರಾದರೆ ಅಕ್ಷರಗಳು ಮಸುಕಾಗುತ್ತವೆ. ಒಮ್ಮೆ ಎವೆಯಿಕ್ಕಿದರೆ ತಿಳಿಯಾಗಿ ಮರಳಿ ಮಸುಕಾಗುವ ದೃಷ್ಟಿಗೆ ಇದೇ ಕಾರಣವಾಗಿರುವುದುಂಟು.

ಈ ಪೊರೆ ಬರಿಯ ನೀರಲ್ಲ. ಕಣ್ಣಿನ ಮೇಲ್ಮೈಯನ್ನು ಅಪ್ಪಿಕೊಂಡಂತೆ ಲೋಳೆಯ ಅಂಶವಿದೆ. ನೀರು ಕಮಲದ ಎಲೆಯ ಮೇಲಿನ ಹನಿಯಂತೆ ಮುದುಡಿಕೊಳ್ಳದೆ ಸಮನಾಗಿ ಹರಡುವುದು ಅದರಿಂದ. ನಡುವೆ ಉಪ್ಪು, ಪ್ರೋಟೀನುಗಳು ಕರಗಿದ ನೀರು. ಎಲ್ಲಕ್ಕೂ ಮೇಲೆ, ಒಂದು ಮೈಕ್ರಾನಿನ ಹತ್ತನೆಯ ಒಂದು ಪಾಲಿಗೂ ತೆಳುವಾದ ಎಣ್ಣೆಯ ಹೊದಿಕೆ. ಈ ಎಣ್ಣೆಯನ್ನು ಒದಗಿಸುವುವು ರೆಪ್ಪೆಗಳ ಅಂಚಿನಲ್ಲಿ ಸಾಲಾಗಿ ನಿಂತಿರುವ ಸಣ್ಣ ಗ್ರಂಥಿಗಳು. ಜರ್ಮನಿಯ ವೈದ್ಯ ಹೈನ್ರಿಖ್ ಮೈಬೋಮ್ 1666ರಲ್ಲಿ ಇವುಗಳನ್ನು ವರ್ಣಿಸಿದ ಕಾರಣ ಇವಕ್ಕೆ ಮೈಬೋಮಿಯನ್ ಗ್ರಂಥಿಗಳೆಂದು ಹೆಸರು. ಮಳೆ ನಿಂತ ರಸ್ತೆಯಲ್ಲಿ ಚೆಲ್ಲಿದ ಎಣ್ಣೆ ಕಾಮನಬಿಲ್ಲಿನ ಬಣ್ಣಗಳನ್ನು ತೋರಿಸುವುದನ್ನು ವಾಚಕರು ಕಂಡಿರಬಹುದು. ಬೆಳಕಿನ ಅದೇ ವ್ಯತಿಕರಣ ಕಣ್ಣಿನ ಎಣ್ಣೆಯ ಪೊರೆಯಲ್ಲಿಯೂ ನಡೆಯುತ್ತದೆ. ತಕ್ಕ ಉಪಕರಣವಿದ್ದರೆ ಆ ಬಣ್ಣಗಳನ್ನು ನೋಡಿ ವೈದ್ಯರು ಪೊರೆಯ ದಪ್ಪವನ್ನು ಊಹಿಸಬಲ್ಲರು.

ಎಣ್ಣೆಯಿಂದ ಏನು ಪ್ರಯೋಜನ? ನೀರು ಆವಿಯಾಗುವುದನ್ನು ಅದು ತಡೆಯುತ್ತದೆ. 1950ರ ದಶಕದಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು ಜಲಾಶಯಗಳ ಮೇಲೆ ಸೀಟೈಲ್ ಆಲ್ಕೊಹಾಲಿನ ಪೊರೆಯನ್ನು ಹರಡಿ ಬೇಸಿಗೆಯಲ್ಲಿ ನೀರು ಹಾರಿಹೋಗದಂತೆ ಮಾಡುವ ಪ್ರಯೋಗಗಳನ್ನು ನಡೆಸಿದರು. ಒಂದೇ ಅಣುವಿನಷ್ಟು ದಪ್ಪದ ಪೊರೆಯೂ ಕೆರೆಯ ನೀರನ್ನು ಉಳಿಸಬಲ್ಲುದೆಂದು ಕಂಡುಬಂದಿತು. ಪ್ರಕೃತಿ ಈ ಉಪಾಯವನ್ನು ನಮ್ಮ ಕಣ್ಣಿನ ಮೇಲಣ ಕೆರೆಯಲ್ಲಿ ಬಹಳ ಹಿಂದೆಯೇ ಬಳಸಿತ್ತು.

ಇನ್ನು ಆ ವಿದ್ಯಾರ್ಥಿಯ ಒಗಟನ್ನು ಬಿಡಿಸಬಹುದು. ಎವೆಯಿಕ್ಕಿದಾಗ ರೆಪ್ಪೆಗಳು ಗ್ರಂಥಿಗಳನ್ನು ಒತ್ತಿ ಎಣ್ಣೆಯನ್ನು ಹೊರಡಿಸಿ ಪೊರೆಯನ್ನು ಹೊಸದಾಗಿ ಹಾಸುತ್ತವೆ. ಎವೆಯಿಕ್ಕುವುದು ತಡವಾದರೆ ಪೊರೆ ಅಲ್ಲಲ್ಲಿ ಹರಿಯುತ್ತದೆ. ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಉಪ್ಪಿನ ಗದ್ದೆಯಲ್ಲಿ ಆಗುವುದು ಇದೇ. ಉಳಿದ ನೀರು ಹೆಚ್ಚು ಉಪ್ಪಾಗಿ ಕಣ್ಣಿನ ಮೇಲ್ಮೈಯ ಕಣಗಳನ್ನು ಕೆರಳಿಸುತ್ತದೆ, ಉರಿಯೂತ ಹುಟ್ಟುತ್ತದೆ, ಉರಿಯೂತದಿಂದ ಲೋಳೆ, ಎಣ್ಣೆಗಳ ಉತ್ಪತ್ತಿ ಕೆಟ್ಟು ಪೊರೆ ಇನ್ನೂ ಬೇಗ ಹರಿಯುತ್ತದೆ. ಇದೊಂದು ವಿಷವರ್ತುಲ. ಉರಿಯನ್ನು ಅರಿತ ನರಗಳು ಅಶ್ರುಗ್ರಂಥಿಗೆ ಕರೆ ಕಳುಹಿಸಿದಾಗ ಅದು ತುಂಬಿದ ತೂಬನ್ನು ತೆರೆದಂತೆ ನೀರನ್ನು ಹರಿಯಿಸುತ್ತದೆ. ಆದರೆ ಈ ಪ್ರವಾಹ ಕೆನ್ನೆಯ ಮೇಲೆ ಹರಿದುಹೋಗುತ್ತದೆಯೇ ಹೊರತು ಪೊರೆಯಾಗಿ ನಿಲ್ಲುವುದಿಲ್ಲ. ಒಣಗಿದ ಹೊಲದ ಮೇಲೆ ರಭಸದ ಮಳೆ ಸುರಿದು ಹಳ್ಳ ಸೇರಿದಂತೆ. ಕಣ್ಣಲ್ಲಿ ನೀರು ಬರುತ್ತಿದೆಯಾದುದರಿಂದ ಕಣ್ಣು ಒಣಗಿಲ್ಲವೆಂದು ವಾದಿಸುವವರು ಈ ಮಾತನ್ನು ಮನಗಾಣಬೇಕು.

ಎವೆಯ ಲೆಕ್ಕ, ಗಾಳಿಯ ಲೆಕ್ಕ

ಜಪಾನಿನ ಕಣ್ಣುವೈದ್ಯರಾದ ತ್ಸುಬೋತಾ ಮತ್ತು ನಕಮೋರಿ ಅವರು 1993ರಲ್ಲಿ ಒಂದು ಸರಳವಾದ ಎಣಿಕೆಯನ್ನು ಪ್ರಕಟಿಸಿದರು. ಜನರು ವಿಶ್ರಾಂತಿಯಿಂದ ಕುಳಿತಿರುವಾಗ ಮಿನಿಟಿಗೆ ಸರಾಸರಿ 22 ಸಲ ಎವೆಯಿಕ್ಕುತ್ತಿದ್ದರು. ಪುಸ್ತಕ ಓದುವಾಗ 10 ಸಲ. ಕಂಪ್ಯೂಟರಿನ ಪರದೆಯನ್ನು ನೋಡುವಾಗ 7 ಸಲ. ಪುಸ್ತಕವೂ ತೀರ ನಿರಪರಾಧಿಯಲ್ಲವೆಂಬುದನ್ನು ಗಮನಿಸಬೇಕು. ಮನಸ್ಸು ನೆಟ್ಟಲ್ಲೆಲ್ಲ ಎವೆ ನಿಧಾನವಾಗುತ್ತದೆ. ‘ಎವೆಯಿಕ್ಕದೆ ನೋಡಿದನು’ ಎಂದು ನಾವು ಏಕಾಗ್ರತೆಯನ್ನು ಹೊಗಳುವುದು ಸುಮ್ಮನೆ ಬಂದ ಮಾತಲ್ಲ. ಪರದೆಯ ಮುಂದೆ ಇನ್ನೊಂದು ದೋಷವೂ ಸೇರುತ್ತದೆ: ರೆಪ್ಪೆ ಅರ್ಧ ಇಳಿದು ಮೇಲೆ ಹೋಗಿಬಿಡುತ್ತದೆ. ಅರೆಮುಚ್ಚಿದ ಎವೆ ಕಣ್ಣಿನ ಕೆಳಭಾಗವನ್ನು ಒದ್ದೆ ಮಾಡುವುದಿಲ್ಲ. ಎಣ್ಣೆಯನ್ನು ಸರಿಯಾಗಿ ಒತ್ತುವುದೂ ಇಲ್ಲ.

ಇದು ಎವೆಯ ಲೆಕ್ಕ. ಗಾಳಿಯ ಲೆಕ್ಕ ನಮ್ಮ ಶಾಸ್ತ್ರಕ್ಕೆ ಸೇರಿದ್ದು. ಆ ದಿನ ನಾವು ಪ್ರಯೋಗಾಲಯದಿಂದ ಎರಡು ಉಷ್ಣಮಾಪಕಗಳನ್ನು ತಂದು, ಒಂದರ ಬುರುಡೆಗೆ ಒದ್ದೆ ಬಟ್ಟೆ ಸುತ್ತಿ ಕಂಪ್ಯೂಟರ್ ಕೋಣೆಯಲ್ಲಿ ತೂಗುಹಾಕಿದೆವು. ಒಣ ಬುರುಡೆ 24 ಡಿಗ್ರಿ ಸೆಲ್ಸಿಯಸ್ ತೋರಿಸಿತು. ಒದ್ದೆ ಬುರುಡೆ 15ಕ್ಕೆ ಇಳಿಯಿತು. ಕೋಷ್ಟಕವನ್ನು ನೋಡಿದರೆ ಕೋಣೆಯ ಸಾಪೇಕ್ಷ ಆರ್ದ್ರತೆ ಶೇಕಡ 40ರ ಸುಮಾರು ಎಂದಾಯಿತು. ಬೆಂಗಳೂರಿನಲ್ಲಿ ಮಾರ್ಚಿನ ಮಧ್ಯಾಹ್ನಗಳಲ್ಲಿ ಹೊರಗಿನ ಆರ್ದ್ರತೆಯೇ ಶೇಕಡ 30ರ ಆಸುಪಾಸಿಗೆ ಇಳಿಯುವುದುಂಟು. ಹವಾನಿಯಂತ್ರಕವು ಗಾಳಿಯನ್ನು ತಂಪು ಮಾಡುವಾಗ ಅದರಲ್ಲಿರುವ ನೀರಾವಿಯನ್ನೂ ಹಿಂಡಿ ಹೊರಗೆ ತೊಟ್ಟಿಕ್ಕಿಸಬಲ್ಲುದು.

ಈಗ ಸಣ್ಣ ಲೆಕ್ಕವೊಂದನ್ನು ಮಾಡೋಣ. ಕಣ್ಣಿನ ಮೇಲ್ಮೈಯ ಉಷ್ಣತೆ ಸುಮಾರು 34 ಡಿಗ್ರಿ. ಆ ಉಷ್ಣತೆಯಲ್ಲಿ ನೀರಿನ ಸಂತೃಪ್ತ ಬಾಷ್ಪದ ಒತ್ತಡ ಪಾದರಸದ 40 ಮಿಲಿಮೀಟರುಗಳಷ್ಟು. 24 ಡಿಗ್ರಿಯ ಗಾಳಿಯಲ್ಲಿ ಅದು ಸುಮಾರು 22 ಮಿಲಿಮೀಟರು. ಗಾಳಿಯ ಆರ್ದ್ರತೆ ಶೇಕಡ 70 ಇದ್ದರೆ ಅದರಲ್ಲಿರುವ ಆವಿಯ ಒತ್ತಡ ಸುಮಾರು 16. ಶೇಕಡ 40 ಇದ್ದರೆ ಸುಮಾರು 9. ನೀರನ್ನು ಕಣ್ಣಿನಿಂದ ಸೆಳೆಯುವುದು ಇವೆರಡು ಒತ್ತಡಗಳ ಅಂತರ: ಮೊದಲನೆಯ ಸಂದರ್ಭದಲ್ಲಿ 24 ಮಿಲಿಮೀಟರು, ಎರಡನೆಯದರಲ್ಲಿ 31. ಉಳಿದುದೆಲ್ಲ ಸಮನಾಗಿದ್ದರೆ ಗಾಳಿಯ ಬಾಯಾರಿಕೆ ಕಾಲುಪಾಲಿಗೂ ಮಿಕ್ಕಿ ಹೆಚ್ಚಿತು. ಇದರೊಂದಿಗೆ ಮುಖಕ್ಕೆ ನೇರವಾಗಿ ಬೀಸುವ ಗಾಳಿಯನ್ನು ಸೇರಿಸಿ. ಕಣ್ಣಿನ ಹತ್ತಿರ ನಿಂತ ಆರ್ದ್ರವಾದ ಗಾಳಿಯ ತೆಳುವಾದ ಪದರವನ್ನು ಅದು ಕ್ಷಣಕ್ಷಣವೂ ಗುಡಿಸಿಕೊಂಡು ಹೋಗುತ್ತದೆ. ಒದ್ದೆ ಬಟ್ಟೆ ಗಾಳಿಯಲ್ಲಿ ಬೇಗ ಒಣಗುವುದನ್ನು ಬಲ್ಲ ಗೃಹಿಣಿಗೆ ಇದು ತಿಳಿಯದ ವಿಷಯವಲ್ಲ. ನಮಗೆ ಮಾತ್ರ ಅದು ಕಣ್ಣಿಗೂ ಅನ್ವಯಿಸುವುದೆಂದು ತೋರಲಿಲ್ಲ.

ಹುಳುವಿನ ಮನೆಯ ಪಾಠ

ಇಲ್ಲಿ ನಮ್ಮ ಊರಿನ ಒಂದು ಸಂಗತಿಯನ್ನು ಹೇಳಬೇಕು. ತಲಘಟ್ಟಪುರದಲ್ಲಿ ಕರ್ನಾಟಕ ರಾಜ್ಯ ರೇಷ್ಮೆ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆ ಇದೆ. ಮೆಟ್ರೊ ನಿಲ್ದಾಣಕ್ಕೆ ಹೆಸರು ಬಂದದ್ದು ಅದರಿಂದಲೇ. ಇಲ್ಲಿಂದ ಕನಕಪುರ, ರಾಮನಗರಗಳ ಕಡೆಗೆ ಹೋದರೆ ಹಿಪ್ಪುನೇರಳೆಯ ತೋಟಗಳೂ ಹುಳು ಸಾಕುವ ಮನೆಗಳೂ ಇಂದಿಗೂ ಕಾಣಸಿಗುತ್ತವೆ. ಅಂತಹ ಒಂದು ಮನೆಯ ಬಾಗಿಲನ್ನು ಹೊಕ್ಕು ನೋಡಿದರೆ ಗೋಡೆಯ ಮೇಲೆ ಎರಡು ಬುರುಡೆಗಳ ಉಷ್ಣಮಾಪಕ ತೂಗುತ್ತಿರುತ್ತದೆ. ನಾವು ಕಂಪ್ಯೂಟರ್ ಕೋಣೆಯಲ್ಲಿ ತೂಗುಹಾಕಿದಂತಹುದೇ. ಆಗತಾನೆ ಮರಿಯಾದ ಚಾಕಿ ಹುಳುಗಳಿಗೆ 27 ಡಿಗ್ರಿಯ ಸುಮಾರಿನ ಉಷ್ಣತೆಯೂ ಶೇಕಡ 85ರ ಸುಮಾರಿನ ಆರ್ದ್ರತೆಯೂ ಬೇಕು. ಒಣ ಬುರುಡೆ 27, ಒದ್ದೆ ಬುರುಡೆ 25 ತೋರಿಸಿದರೆ ಸರಿಯೆಂದು ಲೆಕ್ಕ. ನಾಲ್ಕನೆಯ ಜ್ವರದಿಂದ ಎದ್ದ ದೊಡ್ಡ ಹುಳುಗಳಿಗೆ ಶೇಕಡ 70ರ ಸುಮಾರು ಸಾಕು. ಗಾಳಿ ಒಣಗಿದರೆ ರೈತನು ಗೋಣಿತಾಟನ್ನು ನೆನೆಯಿಸಿ ಕಿಟಕಿಗೆ ಕಟ್ಟುತ್ತಾನೆ. ಗಾಳಿ ಒಣಗಿದರೆ ಸೊಪ್ಪು ಬಾಡುತ್ತದೆ, ಬಾಡಿದ ಸೊಪ್ಪನ್ನು ಹುಳು ತಿನ್ನದು, ತಿನ್ನದ ಹುಳು ಗೂಡು ಕಟ್ಟದು ಎಂಬುದನ್ನು ಅವನು ಬಲ್ಲನು.

ಹುಳುವಿನ ಮನೆಯ ಗಾಳಿಯನ್ನು ದಿನವೂ ಅಳೆಯುವ ನಾಡಿನಲ್ಲಿ ಮಕ್ಕಳು ದಿನಕ್ಕೆ ಆರೇಳು ಗಂಟೆ ಕುಳಿತು ಓದುವ ಕೋಣೆಯ ಗಾಳಿಯನ್ನು ಅಳೆಯುವವರಿಲ್ಲ. ನಾವು ಈ ಲೇಖನದಲ್ಲಿ ಹೇಳಬೇಕೆಂದಿರುವ ಮುಖ್ಯವಾದ ಮಾತು ಇದೇ. ಕೋಣೆಗೆ ಯಂತ್ರವನ್ನು ಕೊಳ್ಳುವಾಗ ಕಂಪ್ಯೂಟರ್ ಬಿಸಿಯಾಗದಿರಬೇಕೆಂದು ಯೋಚಿಸುತ್ತೇವೆ. ಅದರ ಮುಂದೆ ಕುಳಿತ ಕಣ್ಣು ಒಣಗದಿರಬೇಕೆಂಬ ಯೋಚನೆ ನಮ್ಮಲ್ಲಿ ಹುಟ್ಟುವುದಿಲ್ಲ. ಕಣ್ಣಿನ ತೊಂದರೆ ಬಂದಾಗ ಅದು ವಿದ್ಯಾರ್ಥಿಯ ಸ್ವಂತ ತೊಂದರೆಯಾಗುತ್ತದೆ. ಅವನು ಸ್ವಂತವಾಗಿ ಔಷಧದ ಅಂಗಡಿಗೆ ಹೋಗುತ್ತಾನೆ.

ಒಣಗಿದ ಕಣ್ಣಿನ ವಿಷಯದಲ್ಲಿ ನಾಡು ಒಟ್ಟಾಗಿ ಕೆಲಸ ಮಾಡಿದ ಉದಾಹರಣೆಯೊಂದು ನಮ್ಮ ಮುಂದಿದೆ. ಹಿಂದೆ ನಮ್ಮ ದೇಶದಲ್ಲಿ ಕಣ್ಣೊಣಗುವ ಬೇರೊಂದು ರೋಗ ಸಾಮಾನ್ಯವಾಗಿತ್ತು. ಎ ಜೀವಸತ್ತ್ವದ ಕೊರತೆಯಿಂದ ಮಕ್ಕಳಿಗೆ ಮೊದಲು ಇರುಳುಗಣ್ಣು ಬರುತ್ತಿತ್ತು. ಮುಂದೆ ಕಣ್ಣಿನ ಬಿಳಿಯ ಭಾಗ ಒಣಗಿ ನೊರೆಯಂತಹ ಮಚ್ಚೆಗಳು ಮೂಡುತ್ತಿದ್ದುವು. ಕೊನೆಗೆ ಪಾರದರ್ಶಕವಾದ ಪಟಲವೇ ಕರಗಿ ಮಗು ಕುರುಡಾಗುತ್ತಿತ್ತು. 1970ರಲ್ಲಿ ಭಾರತ ಸರ್ಕಾರವು ಐದು ವರ್ಷದೊಳಗಿನ ಮಕ್ಕಳಿಗೆ ಆರು ತಿಂಗಳಿಗೊಮ್ಮೆ ಎ ಜೀವಸತ್ತ್ವದ ದ್ರಾವಣವನ್ನು ಕುಡಿಸುವ ಕಾರ್ಯಕ್ರಮವನ್ನು ಆರಂಭಿಸಿತು. ನುಗ್ಗೆಸೊಪ್ಪು, ಕ್ಯಾರೆಟ್, ಪರಂಗಿಹಣ್ಣುಗಳ ಮಹತ್ತ್ವವನ್ನು ಆರೋಗ್ಯ ಕಾರ್ಯಕರ್ತೆಯರು ಮನೆಮನೆಗೆ ತಿಳಿಸಿದರು. ಅಂತಹ ಕುರುಡು ಇಂದು ಅಪರೂಪವಾಗಿದೆ. ಇಂದಿನ ಶುಷ್ಕತೆ ಬೇರೆ ಬಗೆಯದು. ಸಾಮಾನ್ಯವಾಗಿ ಕುರುಡುತನಕ್ಕೆ ಒಯ್ಯುವಂತಹುದೂ ಅಲ್ಲ. ಆದರೂ ಒಬ್ಬೊಬ್ಬರ ತೊಂದರೆಯೆಂದು ಬಿಟ್ಟುಬಿಡದೆ ಎಲ್ಲರ ಕರ್ತವ್ಯವೆಂದು ಬಗೆದಾಗ ಏನಾಗಬಲ್ಲುದೆಂಬ ಪಾಠ ಅದರಲ್ಲಿದೆ.

ಸೀಸೆಯ ಮೋಹ

ಔಷಧದ ಅಂಗಡಿಯ ಮಾತೆತ್ತಿದೆವಷ್ಟೆ. ನಮ್ಮ ಇನ್ನೊಬ್ಬ ವಿದ್ಯಾರ್ಥಿ ಕಣ್ಣು ಕೆಂಪಾದಾಗಲೆಲ್ಲ ಒಂದು ಹನಿಮದ್ದನ್ನು ಹಾಕಿಕೊಳ್ಳುತ್ತಿದ್ದನು. ಎರಡು ದಿನದಲ್ಲಿ ಕಣ್ಣು ಬೆಳ್ಳಗಾಗುತ್ತಿತ್ತು. ಅದು ವೈದ್ಯರು ಬರೆದುಕೊಟ್ಟದ್ದಲ್ಲ. ಅಂಗಡಿಯವರು ಕೇಳಿದೊಡನೆ ಕೊಟ್ಟದ್ದು. ಹಲವು ತಿಂಗಳ ಮೇಲೆ ನಮ್ಮ ಒತ್ತಾಯಕ್ಕೆ ಕಣ್ಣುವೈದ್ಯರಲ್ಲಿಗೆ ಹೋದಾಗ ಆ ಸೀಸೆಯಲ್ಲಿದ್ದುದು ಸ್ಟೀರಾಯ್ಡ್ ಎಂದೂ ಅವನ ಕಣ್ಣಿನ ಒಳಗಿನ ಒತ್ತಡ ಏರಿದೆಯೆಂದೂ ತಿಳಿದುಬಂದಿತು. ಮದ್ದನ್ನು ನಿಲ್ಲಿಸಿದ ಮೇಲೆ ಒತ್ತಡ ಇಳಿಯಿತು, ಅವನ ಪುಣ್ಯ. ಒತ್ತಡ ಬಹುಕಾಲ ಏರಿಯೇ ಇದ್ದರೆ ಗ್ಲಾಕೋಮ ಬಂದು ದೃಷ್ಟಿಯ ನರ ಸಾಯುತ್ತದೆ. ಸತ್ತ ನರವನ್ನು ಬದುಕಿಸುವ ವಿದ್ಯೆ ಇನ್ನೂ ಯಾರಿಗೂ ತಿಳಿದಿಲ್ಲ. ಸ್ಟೀರಾಯ್ಡ್ ಒಳ್ಳೆಯ ಮದ್ದೇ. ಆದರೆ ಅದನ್ನು ಯಾವಾಗ, ಎಷ್ಟು ದಿನ ಹಾಕಬೇಕೆಂದು ಹೇಳಬಲ್ಲವರು ಕಣ್ಣಿನ ಒತ್ತಡವನ್ನು ಅಳೆಯಬಲ್ಲ ವೈದ್ಯರು ಮಾತ್ರ. ರಕ್ತನಾಳಗಳನ್ನು ಕುಗ್ಗಿಸಿ ಕಣ್ಣನ್ನು ಬೆಳ್ಳಗೆ ಮಾಡುವ ಬೇರೆ ಹನಿಗಳೂ ಉಂಟು. ಅವನ್ನು ನಿಲ್ಲಿಸಿದರೆ ಕೆಂಪು ಇಮ್ಮಡಿಯಾಗಿ ಮರಳುವುದುಂಟು. ಕೆಂಪು ಎಂಬುದು ಎಚ್ಚರಿಕೆಯ ದೀಪ. ದೀಪವನ್ನು ಆರಿಸಿದರೆ ರೈಲು ನಿಲ್ಲುವುದಿಲ್ಲ.

ಕೃತಕ ಅಶ್ರುಗಳೆಂಬ ಹನಿಗಳು ಇವುಗಳಿಗಿಂತ ಬೇರೆ. ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್, ಹಯಲುರೊನೇಟ್ ಮುಂತಾದ ದ್ರವ್ಯಗಳು ನೀರನ್ನು ಹಿಡಿದಿಟ್ಟು ಪೊರೆಗೆ ಆಸರೆಯಾಗುತ್ತವೆ. ಇವು ಬಹುಮಟ್ಟಿಗೆ ನಿರಪಾಯಕರ. ಆದರೂ ಎರಡು ಮಾತುಗಳನ್ನು ನೆನಪಿನಲ್ಲಿಡಬೇಕು. ಕಣ್ಣು ಹಿಡಿಯುವುದು ಒಂದು ಹನಿಗಿಂತಲೂ ಕಡಮೆಯಾದುದರಿಂದ ಒಂದು ಹನಿಯೇ ಸಾಕು. ಎರಡನೆಯದು ಕೆನ್ನೆಯ ಪಾಲು. ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚು ಬೇಕಾದವರು ಸಂರಕ್ಷಕ ದ್ರವ್ಯವಿಲ್ಲದ ಹನಿಗಳನ್ನು ಕೇಳಿಕೊಳ್ಳುವುದು ಮೇಲು. ಬೆಂಜಾಲ್ಕೋನಿಯಮ್ ಕ್ಲೋರೈಡ್ ಎಂಬ ಸಾಮಾನ್ಯ ಸಂರಕ್ಷಕವು ಪದೇ ಪದೇ ಬಿದ್ದರೆ ಕಣ್ಣಿನ ಮೇಲ್ಮೈಯನ್ನೇ ನೋಯಿಸುತ್ತದೆ. ಹೊಸ ಹನಿಗಳ ಶೋಧ ನಡೆದೇ ಇದೆ. ರೇಷ್ಮೆಯ ದಾರದ ತಿರುಳಾದ ಫೈಬ್ರಾಯಿನ್ ಎಂಬ ಪ್ರೋಟೀನಿನಿಂದಲೂ ಕಣ್ಣಿನ ಹನಿಯನ್ನು ತಯಾರಿಸುವ ಪ್ರಯೋಗಗಳು ವಿದೇಶಗಳಲ್ಲಿ ನಡೆದಿವೆಯೆಂಬುದು ನಮ್ಮ ಊರಿನವರಿಗೆ ಸಂತೋಷದ ಸಂಗತಿ. ಎಲ್ಲ ಭರವಸೆಗಳೂ ಫಲಿಸುವುದಿಲ್ಲವೆಂಬುದಕ್ಕೆ ಮೀನೆಣ್ಣೆಯ ಒಮೆಗಾ-3 ಮಾತ್ರೆಗಳು ಸಾಕ್ಷಿ. 2018ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ಅವು ಆಲಿವ್ ಎಣ್ಣೆಯ ಮಾತ್ರೆಗಳಿಗಿಂತ ಹೆಚ್ಚಿನ ಗುಣವನ್ನೇನೂ ತೋರಿಸಲಿಲ್ಲ.

ಮನೆಮದ್ದಿನ ವಿಷಯದಲ್ಲಿಯೂ ವಿವೇಕ ಬೇಕು. ಮುಚ್ಚಿದ ಕಣ್ಣುಗಳ ಮೇಲೆ ನಂದಿಬಟ್ಟಲ ಹೂವನ್ನಿಟ್ಟುಕೊಂಡು ತಂಪು ಮಾಡಿಕೊಳ್ಳುವವರು ನಮ್ಮಲ್ಲುಂಟು. ಆ ನೆಪದಿಂದ ಕಣ್ಣಿಗೆ ಹತ್ತು ಮಿನಿಟು ವಿಶ್ರಾಂತಿ ದೊರೆತರೆ ಒಳ್ಳೆಯದೇ. ಆದರೆ ಹೂವಿನ ರಸವನ್ನಾಗಲಿ, ಹರಳೆಣ್ಣೆಯನ್ನಾಗಲಿ, ಮೊಲೆಹಾಲನ್ನಾಗಲಿ ಕಣ್ಣಿನೊಳಗೆ ಬಿಡಬಾರದು. ಅವುಗಳೊಂದಿಗೆ ರೋಗಾಣುಗಳೂ ಒಳಹೊಗುತ್ತವೆ. ನಿಜವಾಗಿ ಉಪಯುಕ್ತವಾದ ಮನೆಯ ಚಿಕಿತ್ಸೆ ಬಿಸಿನೀರಿನ ಶಾಖ. ರೆಪ್ಪೆಯ ಗ್ರಂಥಿಗಳಲ್ಲಿ ಎಣ್ಣೆ ಹೆಪ್ಪುಗಟ್ಟಿದ್ದರೆ, ಚಳಿಗಾಲದಲ್ಲಿ ಗಟ್ಟಿಯಾದ ಕೊಬ್ಬರಿಯೆಣ್ಣೆಯನ್ನು ನಾವು ಬಿಸಿಲಿಗಿಟ್ಟು ಕರಗಿಸುವಂತೆ, ಅದನ್ನೂ ಕರಗಿಸಬೇಕಾಗುತ್ತದೆ. ಶುಚಿಯಾದ ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ, ಮಣಿಕಟ್ಟಿನ ಒಳಭಾಗಕ್ಕೆ ಸೋಕಿಸಿ ಹಿತವಾದ ಬಿಸಿಯೆಂದು ಕಂಡ ಮೇಲೆ ಮುಚ್ಚಿದ ರೆಪ್ಪೆಗಳ ಮೇಲೆ ಐದರಿಂದ ಹತ್ತು ಮಿನಿಟು ಇಡಬೇಕು; ಆರಿದಂತೆಲ್ಲ ಮರಳಿ ಅದ್ದಬೇಕು. ಬಳಿಕ ರೆಪ್ಪೆಯ ಅಂಚಿನ ಕಡೆಗೆ ಬೆರಳಿನಿಂದ ಮೃದುವಾಗಿ ನೀವಬೇಕು.

ಎಲ್ಲ ಶುಷ್ಕತೆಯೂ ಕೋಣೆಯಿಂದ ಬಂದದ್ದಲ್ಲವೆಂಬುದನ್ನು ಮರೆಯಬಾರದು. ಸ್ವೀಡನ್ನಿನ ಹೆನ್ರಿಕ್ ಷೋಗ್ರೆನ್ 1933ರಲ್ಲಿ ವಿವರಿಸಿದ ರೋಗದಲ್ಲಿ ದೇಹದ ರಕ್ಷಣಾವ್ಯವಸ್ಥೆಯೇ ಅಶ್ರುಗ್ರಂಥಿಗಳನ್ನೂ ಜೊಲ್ಲಿನ ಗ್ರಂಥಿಗಳನ್ನೂ ಕೆಡಿಸುತ್ತದೆ, ಬಾಯೂ ಒಣಗುತ್ತದೆ. ಕೀಲುವಾತ, ಸಕ್ಕರೆ ಕಾಯಿಲೆ, ಹೆಂಗಸರಲ್ಲಿ ಮುಟ್ಟು ನಿಲ್ಲುವ ಕಾಲ ಇವೂ ಕಾರಣಗಳಾಗಬಹುದು. ತರುಣರು ಮುಖ್ಯವಾಗಿ ತಿಳಿಯಬೇಕಾದುದೇನೆಂದರೆ ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್, ನೆಗಡಿ ಅಲರ್ಜಿಗಳಿಗೆ ಕೊಡುವ ಕೆಲವು ಮಾತ್ರೆಗಳು, ಕಾಂಟ್ಯಾಕ್ಟ್ ಲೆನ್ಸ್ ಮುಂತಾದುವೂ ಕಣ್ಣನ್ನು ಒಣಗಿಸಬಲ್ಲುವು. ಪರೀಕ್ಷೆಗಳು ಸುಲಭವಾದುವು. ಓಟೊ ಷಿರ್ಮರ್ 1903ರಲ್ಲಿ ತೋರಿಸಿಕೊಟ್ಟಂತೆ ಸೋಸುಕಾಗದದ ಪಟ್ಟಿಯನ್ನು ಕೆಳರೆಪ್ಪೆಗೆ ಸಿಕ್ಕಿಸಿ ಐದು ಮಿನಿಟುಗಳಲ್ಲಿ ಎಷ್ಟು ಮಿಲಿಮೀಟರು ನೆನೆಯಿತೆಂದು ನೋಡುತ್ತಾರೆ. ಐದಕ್ಕಿಂತ ಕಡಮೆಯಾದರೆ ನೀರಿನ ಉತ್ಪತ್ತಿ ಕುಗ್ಗಿದೆಯೆಂದು ಊಹಿಸುತ್ತಾರೆ. ಬಣ್ಣದ ಹನಿಯನ್ನು ಹಾಕಿ ಪೊರೆ ಎಷ್ಟು ಸೆಕೆಂಡುಗಳಲ್ಲಿ ಹರಿಯುವುದೆಂದು ಎಣಿಸುವುದು ಇನ್ನೊಂದು ಪರೀಕ್ಷೆ. ಹತ್ತು ಸೆಕೆಂಡೊಳಗೆ ಹರಿದರೆ ಪೊರೆ ದುರ್ಬಲ. ಕಾಯಿಲೆ ಹೆಚ್ಚಿದ್ದರೆ ಸೈಕ್ಲೊಸ್ಪೊರಿನ್ ಹನಿಗಳು, ಕಣ್ಣೀರು ಮೂಗಿಗಿಳಿಯುವ ರಂಧ್ರಕ್ಕೆ ಸಣ್ಣ ಬಿರಡೆ ಮುಂತಾದ ಉಪಾಯಗಳುಂಟು. ನೋವು, ಬೆಳಕನ್ನು ಸಹಿಸದಿರುವುದು, ದೃಷ್ಟಿ ಇಳಿಯುವುದು, ಕೀವು ಕಂಡುಬಂದರೆ, ಕಾಂಟ್ಯಾಕ್ಟ್ ಲೆನ್ಸ್ ಧರಿಸುವವರ ಕಣ್ಣು ಕೆಂಪಾದರೆ, ಒಂದು ದಿನವನ್ನೂ ತಡಮಾಡಬಾರದು. ಹಣವಿಲ್ಲವೆಂಬ ಸಂಕೋಚವೂ ಬೇಡ. ನೂರು ವರ್ಷಗಳಿಗೂ ಮಿಕ್ಕಿ ಜನರ ಕಣ್ಣುಗಳನ್ನು ನೋಡುತ್ತ ಬಂದಿರುವ ಸರ್ಕಾರದ ಮಿಂಟೋ ಕಣ್ಣಾಸ್ಪತ್ರೆ ನಮ್ಮ ಬೆಂಗಳೂರಿನಲ್ಲಿಯೇ ಇದೆ.

ಮಾಡಬೇಕಾದುದೇನು?

ಪ್ರತಿಯೊಂದು ಶಾಲೆ ಕಾಲೇಜಿನ ಕಂಪ್ಯೂಟರ್ ಕೋಣೆಯಲ್ಲಿಯೂ ವಾಚನಾಲಯದಲ್ಲಿಯೂ ಎರಡು ಬುರುಡೆಗಳ ಉಷ್ಣಮಾಪಕವೊಂದನ್ನು ತೂಗುಹಾಕಬೇಕೆಂಬುದು ನಮ್ಮ ಮೊದಲನೆಯ ಸಲಹೆ. ಎರಡು ಸಾಧಾರಣ ಉಷ್ಣಮಾಪಕಗಳು ಇಲ್ಲದ ಭೌತಶಾಸ್ತ್ರದ ಪ್ರಯೋಗಾಲಯವುಂಟೆ? ದಿನಕ್ಕೊಬ್ಬ ವಿದ್ಯಾರ್ಥಿ ಓದಿಕೆಯನ್ನು ಕರಿಹಲಗೆಯ ಮೂಲೆಯಲ್ಲಿ ಬರೆಯಲಿ. ಪುಸ್ತಕದಲ್ಲಿ ಅಂಕಗಳಿಗಾಗಿ ಓದುವ ಸಾಪೇಕ್ಷ ಆರ್ದ್ರತೆ ಅಂದಿನಿಂದ ಅವರ ಸ್ವಂತ ವಿಷಯವಾಗುತ್ತದೆ. ಮನುಷ್ಯರಿಗೆ ಚಾಕಿ ಹುಳುವಿನ ಶೇಕಡ 85 ಬೇಡ. ಅಷ್ಟು ತೇವವಿದ್ದರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ. ಶೇಕಡ 40ರಿಂದ 60ರವರೆಗೆ ಇದ್ದರೆ ಸಾಕು. ಅದಕ್ಕಿಂತ ಇಳಿದ ದಿನ ಯಂತ್ರವನ್ನು ನಿಲ್ಲಿಸಿ ಕಿಟಕಿ ತೆರೆಯುವುದೋ, ಹೊರಗೂ ಗಾಳಿ ಒಣಗಿದ್ದರೆ ನೀರಿನ ಅಗಲವಾದ ಪಾತ್ರೆಯಲ್ಲಿ ಬಟ್ಟೆಯ ತುದಿಯನ್ನು ಅದ್ದಿ ತೂಗುಬಿಡುವುದೋ, ವಿಚಾರಮಾಡಿ ತೀರ್ಮಾನಿಸಬಹುದು.

ಎರಡನೆಯದು, ಗಾಳಿ ಯಾರ ಮುಖಕ್ಕೂ ನೇರವಾಗಿ ಬೀಸದಂತೆ ಯಂತ್ರಗಳ ರೆಕ್ಕೆಗಳನ್ನು ತಿರುಗಿಸಬೇಕು. ಇದಕ್ಕೆ ಒಂದು ಕಾಸೂ ಖರ್ಚಿಲ್ಲ. ಬೇಸಿಗೆಯಲ್ಲಿ ಫ್ಯಾನಿಲ್ಲದೆ ಇರುವುದು ಹೇಗೆಂದು ಕೆಲವರು ಕೇಳಬಹುದು. ಫ್ಯಾನು ಬೇಡವೆಂದು ನಾವು ಹೇಳುವುದಿಲ್ಲ. ಮೈಗೆ ಬೀಸಲಿ, ಕಣ್ಣಿಗೆ ಬೇಡ. ದ್ವಿಚಕ್ರ ವಾಹನದಲ್ಲಿ ಕನಕಪುರ ರಸ್ತೆಯ ಧೂಳನ್ನು ದಾಟಿಬರುವವರು ಹೆಲ್ಮೆಟ್ಟಿನ ಗಾಜನ್ನು ಇಳಿಸಿಕೊಳ್ಳುವುದೂ ಇದೇ ನಿಯಮದ ಪಾಲನೆ.

ಮೂರನೆಯದು, ಪರದೆಯನ್ನು ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಕೆಳಗಿಡಬೇಕು. ಕೆಳಗೆ ನೋಡುವಾಗ ರೆಪ್ಪೆ ಇಳಿದು ಕಣ್ಣಿನ ಬಯಲು ಕಿರಿದಾಗುತ್ತದೆ. ಕೆರೆ ಸಣ್ಣದಾದರೆ ಹಾರಿಹೋಗುವ ನೀರೂ ಕಡಮೆ. ಇಪ್ಪತ್ತು ಮಿನಿಟಿಗೊಮ್ಮೆ ಅಧ್ಯಾಪಕರೇ ಕೆಲಸವನ್ನು ನಿಲ್ಲಿಸಿ, ಕಿಟಕಿಯಾಚೆಗೆ ದೃಷ್ಟಿ ಹಾಯಿಸಿ ಹತ್ತು ಸಲ ಪೂರ್ತಿಯಾಗಿ ಎವೆಯಿಕ್ಕುವಂತೆ ಹೇಳಬೇಕು. ಇದರಿಂದ ಪಾಠಕ್ಕೆ ನಷ್ಟವಾಗುವ ಕಾಲ ಅರ್ಧ ಮಿನಿಟು. ಮೊಬೈಲ್ ಫೋನನ್ನೇ ಬಿಟ್ಟುಬಿಡಿರೆಂದು ಉಪದೇಶ ಮಾಡಲು ನಮಗೆ ಇಷ್ಟವಿಲ್ಲ. ಪಾಠಗಳೇ ಅದರಲ್ಲಿ ಬರುವ ಕಾಲವಿದು. ಎವೆಯನ್ನು ಬಿಡಬೇಡಿರೆಂದಷ್ಟೆ ನಮ್ಮ ಬಿನ್ನಹ.

ವಿದ್ಯಾರ್ಥಿ ಮಿತ್ರರು ತಾವಾಗಿಯೇ ಮಾಡಬಹುದಾದ ಪ್ರಯೋಗವೊಂದುಂಟು. ಸ್ನೇಹಿತನಿಗೆ ತಿಳಿಸದೆ, ಅವನು ಹರಟೆಯಲ್ಲಿರುವಾಗ ಮಿನಿಟಿಗೆ ಎಷ್ಟು ಸಲ ಎವೆಯಿಕ್ಕುವನೆಂದು ಎಣಿಸಿ; ಅವನು ಪರದೆಯ ಮುಂದೆ ಕುಳಿತಾಗ ಮರಳಿ ಎಣಿಸಿ. ಮುಂಚೆ ತಿಳಿಸಿದರೆ ಪ್ರಯೋಗ ಕೆಡುತ್ತದೆ. ಎಣಿಸುತ್ತಿದ್ದಾರೆಂದು ಅರಿತ ಎವೆ ತನ್ನ ಸ್ವಭಾವವನ್ನು ಮರೆತುಬಿಡುತ್ತದೆ.

ನಮ್ಮ ಕಾಲೇಜಿನಲ್ಲಿ ಮಾರ್ಚಿನ ಕೊನೆಗೆ ಯಂತ್ರದ ರೆಕ್ಕೆಗಳನ್ನು ತಿರುಗಿಸಿದೆವು, ಉಷ್ಣಮಾಪಕವನ್ನು ಶಾಶ್ವತವಾಗಿ ತೂಗುಹಾಕಿದೆವು. ಜೂನಿನ ಹೊತ್ತಿಗೆ ಕಣ್ಣುರಿಯೆಂದು ಹೇಳುವವರು ಕಡಮೆಯಾದರು. ಇದು ನಮ್ಮ ಉಪಾಯದ ಫಲವೆಂದು ಹೇಳಿಕೊಳ್ಳಲು ಆಸೆಯಾಗುತ್ತದೆ. ಆದರೆ ಅಷ್ಟರಲ್ಲಿ ಮಳೆ ಬಂದು ಊರಿನ ಗಾಳಿಯೇ ಆರ್ದ್ರವಾಗಿತ್ತು. ಮುಂದಿನ ಮಾರ್ಚ್ ತಿಂಗಳೇ ನಿಜವಾದ ಪರೀಕ್ಷೆ. ಅಂದು ನಾವು ಗದರಿದ ವಿದ್ಯಾರ್ಥಿ ಈಗ ಆ ಉಷ್ಣಮಾಪಕದ ಓದಿಕೆಯನ್ನು ಬರೆಯುವ ಹೊಣೆ ಹೊತ್ತಿದ್ದಾನೆ. ಒದ್ದೆ ಬಟ್ಟೆ ಒಣಗಿದರೆ ನೀರು ಹಾಕುವವನೂ ಅವನೇ. ವಾಚಕರೂ ತಮ್ಮ ತಮ್ಮ ಶಾಲೆ ಕಾಲೇಜುಗಳಲ್ಲಿ ಈ ಬೇಸಿಗೆಗೆ ಮುನ್ನ ಇಂತಹುದೊಂದನ್ನು ತೂಗುಹಾಕಿ ನೋಡಲಿ.